ಒಬ್ಬ ದೇವಲೋಕಕ್ಕೆ ಹೋದಾಗ ಉಳಿದ ನಾಲ್ವರು ಏನು ಮಾಡಬೇಕು?

ಪ್ರಶ್ನೆ: ಐವರು ಆಟಗಾರರಿರುವ ಗುಂಪಿಗೆ ನಾನು ಗೇಮ್ ಮಾಸ್ಟರ್, ಅಂದರೆ ಆಟ ನಡೆಸುವ ವ್ಯಕ್ತಿ. ಒಂದು ವರ್ಷದಿಂದ ಗ್ಲೊರಾಂಥಾ ಎಂಬ ಕಲ್ಪಿತ ಲೋಕದಲ್ಲಿ ನಡೆಯುವ, ಪಾತ್ರ ವಹಿಸಿ ದಾಳ ಹಾಕಿ ಆಡುವ ಆಟ ರೂನ್‌ಕ್ವೆಸ್ಟ್ ಆಡುತ್ತಿದ್ದೇವೆ. ಹೋದ ತಿಂಗಳು ಮೊದಲ ಸಲ ಹೀರೋಕ್ವೆಸ್ಟ್ ಆಡಿಸಿದೆ. ಕುಲಕ್ಕೆ ಮಳೆ ನಿಂತುಹೋಗಿತ್ತು. ಬಿರುಗಾಳಿಯ ದೇವರು ಓರ್ಲಾಂಥನ ಭಕ್ತನೊಬ್ಬ ದೇವಲೋಕ ಹೊಕ್ಕು, ಅರೋಕಾ ಎಂಬ ಡ್ರ್ಯಾಗನ್ನನ್ನು ಕೊಂದು, ಅದು ನುಂಗಿದ್ದ ಮಳೆದೇವತೆ ಹೆಲರ್‌ನನ್ನು ಬಿಡಿಸಿಕೊಂಡು ಬರಬೇಕು. ಮೂರು ಗಂಟೆ ಹಿಡಿಯಿತು. ಹೋದವನಿಗೆ ಖುಷಿ, ಉಳಿದ ನಾಲ್ವರು ಫೋನ್ ನೋಡುತ್ತ ಕೂತರು. ಕಥೆ ಎಲ್ಲರಿಗೂ ಮೊದಲೇ ಗೊತ್ತಿದ್ದರಿಂದ ಕುತೂಹಲವೂ ಹುಟ್ಟಲಿಲ್ಲ. ಕಥೆಯನ್ನು ಮುಚ್ಚಿಡಬೇಕಿತ್ತೇ? ಪೂಜೆಯ ಭಾಗ ಎಲ್ಲರಿಗೂ ಮುಜುಗರ, ಅದಕ್ಕೇ ಎರಡು ಮಾತಿನಲ್ಲಿ ಮುಗಿಸಿಬಿಟ್ಟೆ. ಅದನ್ನು ಆಡಿಸುವುದು ಹೇಗೆ?

ಉತ್ತರ: ಕಥೆಯನ್ನು ಮುಚ್ಚಿಡಬೇಡಿ. ಮುಚ್ಚಿಟ್ಟಿದ್ದರೆ ಇನ್ನೂ ಕೆಟ್ಟಿರುತ್ತಿತ್ತು. ನಿಮ್ಮ ಆಟ ಜಾರಿದ್ದು ನೀವು ಎರಡು ಮಾತಿನಲ್ಲಿ ಮುಗಿಸಿದ ಆ ಪೂಜೆಯಲ್ಲಿ. ನಾಲ್ವರ ಬೇಸರ, ಸತ್ತ ಕುತೂಹಲ, ಮುಜುಗರ, ಈ ಮೂರನ್ನೂ ನೀವು ಬೇರೆ ಬೇರೆ ತೊಂದರೆಗಳೆಂದು ಬರೆದಿದ್ದೀರಿ. ನನಗೆ ಕಾಣುವುದು ಒಂದೇ.

ಮೊದಲು ಕಥೆಯ ವಿಷಯ. ಗ್ಲೊರಾಂಥಾದಲ್ಲಿ ಹೀರೋಕ್ವೆಸ್ಟ್ ಎಂದರೆ ಗೊತ್ತಿಲ್ಲದ ಗುಹೆಗೆ ನುಗ್ಗುವುದಲ್ಲ. ದೇವರು ಒಮ್ಮೆ ನಡೆದ ದಾರಿಯಲ್ಲಿ ಭಕ್ತ ಮತ್ತೆ ನಡೆಯುವುದು. ದಾರಿ ಗೊತ್ತಿಲ್ಲದವನಿಗೆ ಅಲ್ಲಿ ಪ್ರವೇಶವೇ ಇಲ್ಲ, ಹೊಕ್ಕರೂ ಹಿಂದಿರುಗುವ ಭರವಸೆಯಿಲ್ಲ. ಈ ಲೋಕದ ಮೇಲೆ ಕಟ್ಟಿದ 1999ರ ಕಂಪ್ಯೂಟರ್ ಆಟ ‘ಕಿಂಗ್ ಆಫ್ ಡ್ರ್ಯಾಗನ್ ಪಾಸ್’ ಆಡಿದವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ಪುರಾಣವನ್ನು ಮೊದಲು ಓದಿಕೊಳ್ಳಬೇಕು, ಆಮೇಲೆ ಪ್ರತಿ ತಿರುವಿನಲ್ಲೂ ‘ದೇವರು ಇಲ್ಲಿ ಏನು ಮಾಡಿದ?’ ಎಂದು ನೆನಪಿಸಿಕೊಂಡು ಆಯ್ಕೆ ಮಾಡಬೇಕು. ಓದದೆ ಹೋದವನ ಪಾಡು ನಾಯಿಪಾಡು.

ಹಾಗಾದರೆ ಕುತೂಹಲ ಎಲ್ಲಿಂದ ಬರಬೇಕು? ಇದಕ್ಕೆ ನಿಜವಾದ ಇತಿಹಾಸದ್ದೇ ಒಂದು ಉದಾಹರಣೆ ಇದೆ, ನನಗೆ ತುಂಬ ಇಷ್ಟವಾದದ್ದು. ಪ್ರಾಚೀನ ಬಾಬಿಲೋನಿನಲ್ಲಿ ಹೊಸ ವರ್ಷಕ್ಕೆ ಅಕಿತು ಎಂಬ ಹಬ್ಬ ನಡೆಯುತ್ತಿತ್ತು. ನಾಲ್ಕನೆಯ ದಿನ ಸೃಷ್ಟಿಯ ಕಾವ್ಯವನ್ನು ಮರ್ದುಕ್ ದೇವರ ಎದುರು ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದರು. ಮರ್ದುಕ್ ಗೆಲ್ಲುತ್ತಾನೆ, ಅವನ ಎದುರಾಳಿ ಕಡಲದೇವತೆ ತಿಯಾಮತ್ ಸಾಯುತ್ತಾಳೆ. ಪ್ರತಿ ವರ್ಷವೂ ಅದೇ ಕಥೆ, ಅದೇ ಕೊನೆ. ಆದರೆ ಮರುದಿನ ಅರಸ ಗುಡಿಗೆ ಬಂದಾಗ ಅರ್ಚಕ ಅವನ ರಾಜಲಾಂಛನಗಳನ್ನು ಕಳಚಿಸಿಕೊಂಡು, ಕೆನ್ನೆಗೆ ಹೊಡೆದು, ಕಿವಿ ಹಿಡಿದೆಳೆದು ದೇವರ ಮುಂದೆ ಮಂಡಿಯೂರಿಸುತ್ತಿದ್ದ. ತಾನು ತಪ್ಪು ಮಾಡಿಲ್ಲ, ನಗರವನ್ನು ಕೈಬಿಟ್ಟಿಲ್ಲ ಎಂದು ಅರಸ ಹೇಳಬೇಕು. ಲಾಂಛನ ಹಿಂದಿರುಗಿಸುವಾಗ ಮತ್ತೊಂದು ಏಟು. ಆಗ ಕಣ್ಣಲ್ಲಿ ನೀರು ಬಂದರೆ ದೇವರಿಗೆ ಒಪ್ಪಿಗೆ. ಬಾರದಿದ್ದರೆ ದೇವರ ಕೋಪ, ಶತ್ರು ಎದ್ದು ಅರಸನನ್ನು ಉರುಳಿಸುತ್ತಾನೆ ಎನ್ನುತ್ತವೆ ಆ ವಿಧಿಯನ್ನು ಬರೆದಿಟ್ಟ ಮಣ್ಣಿನ ಹಲಗೆಗಳು.

ನೋಡಿ, ಕಾವ್ಯ ಎಲ್ಲರಿಗೂ ಬಾಯಿಪಾಠ. ಆದರೂ ಈ ಅರಸ, ಈ ವರ್ಷ, ಈ ಏಟಿಗೆ ಅಳುತ್ತಾನೋ ಇಲ್ಲವೋ? ಅದು ಯಾವ ಕಾವ್ಯದಲ್ಲೂ ಬರೆದಿಲ್ಲ. ನಿಮ್ಮ ಆಟದಲ್ಲಿ ದಾಳ ಉರುಳಬೇಕಾದದ್ದು ಆ ಜಾಗದಲ್ಲಿ. ‘ಡ್ರ್ಯಾಗನ್ ಸಾಯುತ್ತದೆಯೇ?’ ಎಂದು ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು. ‘ದೇವರ ಜಾಗದಲ್ಲಿ ನಿಂತ ಈ ಹುಡುಗನಿಗೆ ದೇವರ ಕೆಲಸ ಮಾಡುವ ಎದೆ ಇದೆಯೇ? ಅದಕ್ಕೆ ಅವನು ಏನು ತೆರುತ್ತಾನೆ?’ ಎಂದು ಕೇಳಿ ನೋಡಿ.

ನನ್ನ ಮೇಜಿನಲ್ಲಿ ನಾನು ಹೀಗೆ ಮಾಡುತ್ತೇನೆ. ಪುರಾಣವನ್ನು ಆಟಕ್ಕೆ ಒಂದು ವಾರ ಮೊದಲೇ ಎಲ್ಲರಿಗೂ ಕೊಡುತ್ತೇನೆ, ಒಂದು ಪುಟಕ್ಕಿಂತ ಹೆಚ್ಚಿಲ್ಲ. ಅದರಲ್ಲಿ ಐದೋ ಆರೋ ನಿಲ್ದಾಣಗಳು. ನಿಲ್ದಾಣದಲ್ಲಿ ದೇವರು ಏನು ಮಾಡಿದನೆಂದು ಇರುತ್ತದೆ, ಅಲ್ಲಿ ಯಾರು ಎದುರಾಗುತ್ತಾರೆಂದು ಇರುವುದಿಲ್ಲ. ಎದುರಾಗುವ ಮುಖವನ್ನು ನಾನು ಆಟದ ಲೋಕದಿಂದಲೇ ಆರಿಸಿಕೊಳ್ಳುತ್ತೇನೆ. ಗ್ಲೊರಾಂಥಾದ ನಿಯಮವೂ ಇದಕ್ಕೆ ಒಗ್ಗುತ್ತದೆ: ದೇವಲೋಕದಲ್ಲಿ ನಿಮ್ಮ ಎದುರಾಳಿ ಇನ್ನೊಂದು ಗುಡಿಯಿಂದ ಅದೇ ಹೊತ್ತಿಗೆ ಹೊರಟ ಇನ್ನೊಬ್ಬ ಭಕ್ತನೇ ಆಗಿರಬಹುದು. ನಿಮಗೆ ಅವನು ರಾಕ್ಷಸ, ಅವನಿಗೆ ನೀವು. ನೀವು ಹೇಳಿದ ಆಟವನ್ನೇ ತೆಗೆದುಕೊಳ್ಳಿ. ಡ್ರ್ಯಾಗನ್ನಿನ ಗಂಟಲೊಳಗಿಂದ, ನೀರು ಹಂಚಿಕೊಳ್ಳಲು ಒಪ್ಪದ ಪಕ್ಕದ ಕುಲದ ಮುಖಂಡನ ದನಿ ಕೇಳಿಸಿದ್ದರೆ? ಆ ಮುಖಂಡನ ಮಗಳನ್ನು ನಿಮ್ಮ ಆಟಗಾರರಲ್ಲಿ ಒಬ್ಬರು ಮದುವೆಯಾಗಿದ್ದರೆ? ಆಗ ಕೊಲ್ಲುವುದು ಗೊತ್ತಿರುವ ಕಥೆಯೇ, ಆದರೆ ಈಟಿ ಎತ್ತುವ ಕೈ ತಡೆಯುತ್ತದೆ.

ಸೋಲಿನ ಪುರಾಣಗಳನ್ನೂ ಮರೆಯಬೇಡಿ. ಹೊಸ ಗೇಮ್ ಮಾಸ್ಟರುಗಳು ಇವನ್ನು ಮುಟ್ಟುವುದೇ ಇಲ್ಲ. ಯೆಲ್ಮಾಲಿಯೊ ಎಂಬ ಬೆಳಕಿನ ದೇವರು ಬಂಗಾರದ ಬೆಟ್ಟದ ಮೇಲೆ ಓರ್ಲಾಂಥನ ಎದುರು ಸೋತು ಆಯುಧ ಕಳೆದುಕೊಳ್ಳುತ್ತಾನೆ, ಜೊರಾಕ್ ಜೊರಾನ್ ಎಂಬ ಕತ್ತಲ ದೇವರು ಅವನ ಬೆಂಕಿಯನ್ನೇ ಕಿತ್ತುಕೊಳ್ಳುತ್ತಾನೆ. ಆದರೂ ಅವನು ಸಾಯುವುದಿಲ್ಲ, ಬಿಸಿಯಿಲ್ಲದ ಬರಿಯ ಬೆಳಕಾಗಿ ಉಳಿಯುತ್ತಾನೆ. ಅವನ ಭಕ್ತ ಆ ದಾರಿ ಹಿಡಿದರೆ ಗೆಲ್ಲಲು ಹೋಗುವುದಲ್ಲ, ಸರಿಯಾಗಿ ಸೋತು ಬರಲು ಹೋಗುವುದು. ಅವನು ಬೆಟ್ಟದ ಮೇಲೆ ನಿಜವಾಗಿಯೂ ಗೆದ್ದುಬಿಟ್ಟರೆ ಏನಾಗುತ್ತದೆ? ಕೇಳಿದ ಕೂಡಲೇ ಮೇಜಿನ ಸುತ್ತ ಎಲ್ಲರೂ ಮುಂದಕ್ಕೆ ಬಾಗುತ್ತಾರೆ, ನಾನು ನೋಡಿದ್ದೇನೆ.

ಇನ್ನು ನಿಮ್ಮ ನಾಲ್ವರು. ಇದೇ ಮುಖ್ಯ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಗ್ಲೊರಾಂಥಾವನ್ನು ಕಟ್ಟಿದ ಗ್ರೆಗ್ ಸ್ಟಾಫರ್ಡ್ 1966ರಲ್ಲಿ, ಕಾಲೇಜಿನಲ್ಲಿದ್ದಾಗ, ಈ ಲೋಕದ ಮೊದಲ ಕಥೆಗಳನ್ನು ಬರೆದವರು. 1975ರಲ್ಲಿ ಅದು ಬೋರ್ಡ್ ಗೇಮ್ ಆಯಿತು, 1978ರಲ್ಲಿ ರೂನ್‌ಕ್ವೆಸ್ಟ್ ಬಂತು. ಸ್ಟಾಫರ್ಡ್ ಸ್ವತಃ ಷಾಮನ್ (ಆತ್ಮಗಳ ಜತೆ ವ್ಯವಹರಿಸುವ ಪೂಜಾರಿ) ಸಾಧನೆ ಮಾಡುತ್ತಿದ್ದವರು. ಪೂಜೆ, ಹಬ್ಬ, ಬಲಿ ಇವೆಲ್ಲ ಅವರಿಗೆ ಕಥೆಯ ಹಿಂದಿನ ಬಣ್ಣದ ಪರದೆಯಾಗಿರಲಿಲ್ಲ, ಲೋಕ ನಡೆಯುವುದೇ ಅದರಿಂದ. ಈಗಿನ ನಿಯಮಪುಸ್ತಕದಲ್ಲೂ ಅದೇ ಲೆಕ್ಕ: ದೇವರಿಂದ ಪಡೆದ ಮಂತ್ರಶಕ್ತಿಯ ಅಂಕಗಳಾದ ರೂನ್ ಪಾಯಿಂಟುಗಳನ್ನು ಖರ್ಚು ಮಾಡಿದರೆ ನಿದ್ದೆ ಮಾಡಿ ಎದ್ದಾಗ ಅವು ತುಂಬಿಕೊಂಡಿರುವುದಿಲ್ಲ. ಹಬ್ಬದ ದಿನ ಪೂಜೆಗೆ ಹೋಗಬೇಕು. ಎಷ್ಟೇ ದೊಡ್ಡ ವೀರನಾದರೂ ಜನರ ನಡುವೆ ಹೋಗಿ ನಿಲ್ಲಲೇಬೇಕು.

ಅಂದರೆ ದೇವಲೋಕಕ್ಕೆ ಹೋದವನು ಒಬ್ಬನೇ ಹೋಗಿರುವುದಿಲ್ಲ. ಅವನನ್ನು ಅಲ್ಲಿ ನಿಲ್ಲಿಸಿರುವುದು ಇತ್ತ ಗುಡಿಯಲ್ಲಿ ಹಾಡುತ್ತಿರುವವರು. ಹಾಡು ನಿಂತರೆ ಅವನ ಕಾಲ ಕೆಳಗಿನ ನೆಲ ಕರಗುತ್ತದೆ. ನೀವು ಪೂಜೆಯನ್ನು ಎರಡು ಮಾತಿನಲ್ಲಿ ಮುಗಿಸಿದಾಗ ಉಳಿದ ನಾಲ್ವರು ನಿಂತಿದ್ದ ಜಾಗವನ್ನೇ ಅಳಿಸಿಬಿಟ್ಟಿರಿ. ಅವರು ಫೋನ್ ನೋಡದೆ ಇನ್ನೇನು ಮಾಡಬೇಕಿತ್ತು?

ಎರಡು ದಾರಿಗಳಿವೆ. ಒಂದು, ಎಲ್ಲರನ್ನೂ ಒಳಗೆ ಕರೆದೊಯ್ಯುವುದು. ಇದಕ್ಕೆ ಬೆಳಕು ತಂದವರ ಯಾತ್ರೆಗಿಂತ ಒಳ್ಳೆಯ ಪುರಾಣ ಬೇರೆ ಇಲ್ಲ. ಓರ್ಲಾಂಥ್ ಸೂರ್ಯಚಕ್ರವರ್ತಿ ಯೆಲ್ಮ್‌ನನ್ನು ಕೊಂದ, ಲೋಕ ಕತ್ತಲಾಯಿತು, ತಾನೇ ಮಾಡಿದ್ದನ್ನು ಸರಿಪಡಿಸಲು ಅವನೇ ಪಾತಾಳಕ್ಕೆ ಹೊರಟ. ಜತೆಯಲ್ಲಿ ಏಳು ಮಂದಿ ಅವನನ್ನೂ ಸೇರಿಸಿ: ಮಾತಿನಲ್ಲಿ ದಾರಿ ಬಿಡಿಸುವ ವ್ಯಾಪಾರಿ ಇಸ್ಸರೀಸ್, ಎಲ್ಲ ಬಲ್ಲ ಲಂಕೋರ್ ಮೈ, ಯಾರನ್ನೂ ನೋಯಿಸದ ವೈದ್ಯೆ ಚಲಾನಾ ಅರಾಯ್, ಕುಚೇಷ್ಟೆಯ ಯೂರ್ಮಾಲ್, ಮನುಷ್ಯರ ಪರವಾಗಿ ಫ್ಲೆಶ್ ಮ್ಯಾನ್, ಮತ್ತು ಯಾರೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲದ ಗಿನ್ನಾ ಜಾರ್. ಐವರ ಗುಂಪಿಗೆ ಹೇಳಿ ಮಾಡಿಸಿದಂತಿದೆ. ಯೂರ್ಮಾಲ್‌ನ ಪಾತ್ರವನ್ನು ಮೇಜಿನಲ್ಲಿ ಸದಾ ತರಲೆ ಮಾಡುವವನಿಗೆ ಕೊಡಿ. ಓರ್ಲಾಂಥನ ಜನರಲ್ಲಿ ಕುಚೇಷ್ಟೆಗಾರನ ತಪ್ಪಿಗೆ ಅವನ ಹೊಣೆ ಹೊತ್ತವನೇ ತಲೆ ಕೊಡಬೇಕು, ಹಾಗಾಗಿ ತರಲೆಗೆ ಬೆಲೆ ತೆರುವುದು ನಾಯಕ. ಆಮೇಲೆ ನೋಡಿ ತಮಾಷೆ.

ಆದರೆ ಆ ಯಾತ್ರೆ ದೊಡ್ಡದು, ಕ್ಯಾಂಪೇನಿನ, ಅಂದರೆ ಹಲವು ಸೆಷನ್ನುಗಳಲ್ಲಿ ನಡೆಯುವ ಇಡೀ ಕಥೆಯ, ಕೊನೆಗೆ ಇಟ್ಟುಕೊಳ್ಳಬೇಕಾದದ್ದು. ಮಳೆ ತರುವಂಥ ಚಿಕ್ಕ ಕೆಲಸಕ್ಕೆ ನಾನು ಎರಡನೆಯ ದಾರಿಯನ್ನೇ ಹಿಡಿಯುತ್ತೇನೆ: ಉಳಿದವರಿಗೆ ಮನೆಯಲ್ಲೇ ಆಟ. ಇದಕ್ಕೂ ಪುರಾಣದ ಆಧಾರವಿದೆ. ಓರ್ಲಾಂಥ್ ಪಾತಾಳಕ್ಕೆ ಹೋದಾಗ ಮನೆ ಕಾಯಲು ನಿಂತವನು ಎಲ್ಮಾಲ್. ಸೂರ್ಯ ಸತ್ತ ಲೋಕದಲ್ಲಿ, ಒಡೆಯ ಬರುವನೋ ಇಲ್ಲವೋ ತಿಳಿಯದೆ, ಬಂದ ಶತ್ರುಗಳನ್ನೆಲ್ಲ ಹಿಂದಟ್ಟಿ ಕುಲದ ಮನೆ ಉಳಿಸಿದವನು. ಅವನ ಕಥೆಯೇ ಒಂದು ಪೂರ್ತಿ ಹೀರೋಕ್ವೆಸ್ಟ್. ಹೋದವರ ಕಥೆಯಷ್ಟೇ ತೂಕ ಕಾದವರ ಕಥೆಗೂ ಆ ಲೋಕ ಕೊಟ್ಟಿದೆ, ನಾವು ಗೇಮ್ ಮಾಸ್ಟರುಗಳೇ ಕೊಡುತ್ತಿಲ್ಲ.

ನನ್ನ ಗುಂಪಿನಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಒಬ್ಬ ಆಟಗಾರ್ತಿಯ ಪಾತ್ರ ದೇವಲೋಕದೊಳಗಿತ್ತು. ಉಳಿದ ಮೂವರು ಗುಡಿಯಲ್ಲಿ. ಮೇಜಿನ ನಡುವೆ ಒಂದು ಬಟ್ಟಲು, ಅದರಲ್ಲಿ 21 ಗಾಜಿನ ಮಣಿ. ಗುಡಿಯಲ್ಲಿ ಸೇರಿದ ಜನರ ಶಕ್ತಿ ಅದು. ಒಳಗಿರುವವಳು ದಾಳ ಉರುಳಿಸುವ ಮೊದಲು ‘ಹಾಡಿ’ ಎಂದು ಕೇಳಬಹುದು. ಆಗ ಗುಡಿಯಲ್ಲಿರುವವರಲ್ಲಿ ಒಬ್ಬರು ತಮ್ಮ ಪಾತ್ರದ ರೂನನ್ನೋ (ದೈವಶಕ್ತಿಯ ಗುರುತು) ಕುಲಪ್ರೀತಿಯನ್ನೋ ಪಣಕ್ಕಿಟ್ಟು ದಾಳ ಹಾಕುತ್ತಾರೆ. ಗೆದ್ದರೆ ಅವಳ ಗುರಿಗೆ, ಅಂದರೆ ನೂರರ ದಾಳ ಮೀರಬಾರದ ಸಂಖ್ಯೆಗೆ, 20 ಕೂಡುತ್ತದೆ, ಸೋತರೆ 20 ಕಳೆಯುತ್ತದೆ. ರೂನ್‌ಕ್ವೆಸ್ಟಿನಲ್ಲಿ ಪಾತ್ರ ತನ್ನ ಪ್ರಯತ್ನಕ್ಕೇ ಒತ್ತಾಸೆ ಪಡೆಯಲು ಈ ನಿಯಮವಿದೆ, ನಾನು ಅದನ್ನು ಗುಡಿಯಿಂದ ದೇವಲೋಕಕ್ಕೆ ಹಾಯಿಸಿದೆ, ಅಷ್ಟೇ. ಗೆದ್ದರೂ ಸೋತರೂ ಮಣಿ ಮೂರು ಖರ್ಚು.

ಮೂರನೆಯ ನಿಲ್ದಾಣದ ಹೊತ್ತಿಗೆ ಗುಡಿಯ ಹೊರಗೆ ದನದ ಕೊಟ್ಟಿಗೆಗೆ ಬೆಂಕಿ ಬಿತ್ತು. ಪಕ್ಕದ ಕುಲದವರ ದಾಳಿ. ಗುಡಿಯಲ್ಲಿದ್ದವರು ಓಡಿದರೆ ಹಾಡು ನಿಲ್ಲುತ್ತದೆ, ಓಡದಿದ್ದರೆ ದನ ಹೋಗುತ್ತವೆ. ಮೂವರಲ್ಲಿ ಇಬ್ಬರು ಓಡಿದರು. ಉಳಿದವನು, ನಮ್ಮಲ್ಲೆಲ್ಲ ಮಾತು ಕಮ್ಮಿಯ ಆಟಗಾರ, ಅವನ ಪಾತ್ರಕ್ಕೆ ಪೂಜೆಯ ಕೌಶಲ ಶೇಕಡಾ 25 ಇರಬೇಕು, ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡ. ಆರು ಮಣಿ ಉಳಿದಿದ್ದವು. ಒಳಗಿನವಳು ‘ಹಾಡಿ’ ಎಂದಳು. ಅವನು ಸೋತ. ಮತ್ತೆ ‘ಹಾಡಿ’ ಎಂದಳು. ಕೊನೆಯ ಮೂರು ಮಣಿಯನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟು ದಾಳ ಹಾಕಿದ, 11 ಬಿತ್ತು, ಗೆದ್ದ. ಡ್ರ್ಯಾಗನ್ ಇರಲಿ, ಇಲಿ ಸತ್ತಿದ್ದರೂ ಅಂದು ನಾವು ಕೂಗುತ್ತಿದ್ದೆವು. ಆ ಪಾತ್ರವನ್ನು ಕುಲದವರು ಈಗಲೂ ‘ಒಂಟಿ ದನಿ’ ಎಂದೇ ಕರೆಯುತ್ತಾರೆ.

ದೃಶ್ಯ ಬದಲಿಸುವುದು ಬೇಗ ಬೇಗ ಆಗಬೇಕು. ಒಳಗೆ ಹತ್ತು ನಿಮಿಷ, ಹೊರಗೆ ಹತ್ತು ನಿಮಿಷ, ಅದಕ್ಕಿಂತ ಹೆಚ್ಚು ಯಾರನ್ನೂ ಕಾಯಿಸಬೇಡಿ. ಒಳಗಿನ ಎದುರಾಳಿಯ ಮಾತನ್ನು ಹೊರಗಿರುವ ಆಟಗಾರನ ಕೈಗೇ ಕೊಟ್ಟುಬಿಡಿ. ನಿಮ್ಮ ಅರೋಕಾ ಆಗಲು ನಾಲ್ವರಲ್ಲಿ ಒಬ್ಬರು ತುದಿಗಾಲಲ್ಲಿ ನಿಂತಿರುತ್ತಾರೆ.

ಮುಜುಗರದ ಮಾತು. ಆಟದ ಮೇಜಿನಲ್ಲಿ ಕಣ್ಣುಮುಚ್ಚಿ ಪ್ರಾರ್ಥನೆ ಹೇಳಲು ನನಗೂ ಆಗುವುದಿಲ್ಲ. ಹೇಳಲೂ ಬೇಡ. ಪೂಜೆ ಎಂದರೆ ಬಾಯಿಗಿಂತ ಹೆಚ್ಚಾಗಿ ಕೈಕಾಲಿನ ಕೆಲಸ. ಪ್ರಾಚೀನ ಗ್ರೀಸಿನ ಎಲ್ಯೂಸಿಸ್ ದೀಕ್ಷೆಯಲ್ಲಿ ಜನ ಏನು ಮಾಡುತ್ತಿದ್ದರು? ಹಂದಿಮರಿ ಹಿಡಿದುಕೊಂಡು ಸಮುದ್ರಕ್ಕಿಳಿದು ತೊಳೆಯುತ್ತಿದ್ದರು. ಅಥೆನ್ಸಿನಿಂದ ಎಲ್ಯೂಸಿಸ್ ಊರಿಗೆ ಸುಮಾರು 20 ಕಿಲೋಮೀಟರ್ ನಡೆಯುತ್ತಿದ್ದರು. ದಾರಿಯ ಸೇತುವೆಯ ಬಳಿ ಬೈಗುಳ, ಗೇಲಿ. ಉಪವಾಸ ಮುರಿಯಲು ಬಾರ್ಲಿಯ ಪಾನೀಯ. ಮಗಳನ್ನು ಕಳೆದುಕೊಂಡು ಹುಡುಕಿ ಅಲೆದ ಡೆಮಿಟರ್ ದೇವತೆಯೂ ಉಪವಾಸವಿದ್ದಳು, ಗೇಲಿಗೆ ನಕ್ಕಳು, ಅದೇ ಪಾನೀಯ ಕುಡಿದಳು. ದೇವತೆಯ ಅಲೆದಾಟವನ್ನು ಸಾವಿರಾರು ಜನ ಒಟ್ಟಿಗೆ ತಮ್ಮ ಕಾಲಲ್ಲಿ ನಡೆದದ್ದು. ಹಂಚಿಕೊಂಡ ಹೀರೋಕ್ವೆಸ್ಟ್ ಎಂದರೆ ಇದಕ್ಕಿಂತ ಬೇರೆಯಿಲ್ಲ. ಒಳಗೆ, ಕೊನೆಗೆ, ಏನನ್ನು ತೋರಿಸುತ್ತಿದ್ದರೋ ಅದನ್ನು ಯಾರೂ ಬಾಯಿಬಿಡುವಂತಿರಲಿಲ್ಲ.

ಆದ್ದರಿಂದ ‘ಏನು ಪ್ರಾರ್ಥಿಸುತ್ತೀಯ?’ ಎಂದು ಆಟಗಾರನನ್ನು ಕೇಳಬೇಡಿ, ಬಾಯಿ ಕಟ್ಟುತ್ತದೆ. ‘ಕೈಯಲ್ಲಿ ಏನು ಹಿಡಿದಿದ್ದೀಯ? ಯಾರ ಪಕ್ಕ ನಿಲ್ಲಲು ಇಷ್ಟವಿಲ್ಲ? ನಿನ್ನ ಮನೆಯಿಂದ ಬಲಿಗೆ ಏನು ತಂದೆ, ಅದು ಹೋದರೆ ಮನೆಯಲ್ಲಿ ಯಾರು ಗೊಣಗುತ್ತಾರೆ?’ ಎಂದು ಕೇಳಿ. ಉತ್ತರ ಪುಸಪುಸನೆ ಬರುತ್ತವೆ. ಮಂತ್ರವೇ ಬೇಕೆಂದರೆ ಒಂದು ಸಾಲು ಸಾಕು, ಗುಂಪೇ ಕೂತು ಬರೆದದ್ದು. ನೀವು ಅರ್ಧ ಹೇಳಿ, ಅವರು ಅರ್ಧ ಹೇಳಲಿ. ನಮ್ಮದು ‘ಯಾರು ಹೋದರು?’ ‘ನಾವು ಹೋದೆವು’. ಮೊದಲೆರಡು ಸಲ ನಗುತ್ತಾರೆ, ನಗಲಿ. ನಾಲ್ಕನೆಯ ಸೆಷನ್ನಿಗೆ ಯಾರೂ ನಗುವುದಿಲ್ಲ.

ಒಂದು ಕಡೆ ಮಾತ್ರ ನಾನು ಬಿಗಿ. ಇಂದು ಯಾರಾದರೂ ನಿಜವಾಗಿ ನಂಬಿ ಹೇಳುವ ಪ್ರಾರ್ಥನೆ, ಮಂತ್ರ, ಮುದ್ರೆ ಇವನ್ನು ಆಟಕ್ಕೆ ಎರವಲು ತರುವುದಿಲ್ಲ. ಕ್ರಿ.ಪೂ. 415ರಲ್ಲಿ ಎಲ್ಯೂಸಿಸ್ ದೀಕ್ಷೆಯ ವಿಧಿಯನ್ನು ಮನೆಯೊಳಗೆ ಗೇಲಿಗಾಗಿ ಆಡಿದ ಆರೋಪ ಅಲ್ಸಿಬಯಡೀಸ್ ಎಂಬ ಸೇನಾನಿಯ ಮೇಲೆ ಬಂತು. ಅಥೆನ್ಸ್ ಅವನ ಗೈರುಹಾಜರಿಯಲ್ಲೇ ಮರಣದಂಡನೆ ವಿಧಿಸಿ ಆಸ್ತಿ ಮುಟ್ಟುಗೋಲು ಹಾಕಿಕೊಂಡಿತು. ನಮ್ಮ ಮೇಜಿಗೆ ಅಂಥ ದಂಡನೆ ಬಾರದು, ಆದರೆ ದೇವರನ್ನು ನಂಬುವ ಒಬ್ಬ ಗೆಳೆಯ ಮೌನವಾಗಿ ಆಟ ಬಿಟ್ಟುಹೋಗುತ್ತಾನೆ. ಆಟ ಶುರುವಾಗುವ ಮೊದಲು ಒಬ್ಬೊಬ್ಬರನ್ನೇ ಕೇಳಿಬಿಡಿ.

ಇನ್ನು ನಿಮ್ಮ ಪ್ರಶ್ನೆಯಲ್ಲಿ ಇಲ್ಲದ್ದೊಂದು: ಹಿಂದಿರುಗಿ ಬರುವ ಭಾಗ. ವಾನ್ ಜೆನೆಪ್ ಎಂಬ ವಿದ್ವಾಂಸರು 1909ರಲ್ಲೇ ದೀಕ್ಷೆಯಂಥ ವಿಧಿಗಳಲ್ಲಿ ಮೂರು ಹೆಜ್ಜೆಗಳನ್ನು ಗುರುತಿಸಿದ್ದರು: ಜನರಿಂದ ಬೇರೆಯಾಗುವುದು, ನಡುವಿನ ಹೊಸ್ತಿಲಲ್ಲಿ ನಿಲ್ಲುವುದು, ಮತ್ತೆ ಜನರೊಳಗೆ ಸೇರುವುದು. ನಾವು ಆಡಿಸುವುದು ನಡುವಿನದನ್ನು ಮಾತ್ರ. ಡ್ರ್ಯಾಗನ್ ಸತ್ತ ಕೂಡಲೇ ‘ಸರಿ, ಮಳೆ ಬಂತು’ ಎಂದು ಪುಸ್ತಕ ಮುಚ್ಚುತ್ತೇವೆ. ಓರ್ಲಾಂಥನ ಯಾತ್ರೆಯ ಕೊನೆ ಹಾಗಿಲ್ಲ. ಸೂರ್ಯ ಹಿಂದಿರುಗಿದ, ಆದರೆ ದೇವರುಗಳೆಲ್ಲ ಒಂದು ಒಪ್ಪಂದಕ್ಕೆ ಬದ್ಧರಾದರು, ಕಾಲ ಎಂಬುದು ಶುರುವಾಯಿತು, ಅಂದಿನಿಂದ ಅವರು ಮೊದಲಿನಂತೆ ಲೋಕದಲ್ಲಿ ಬೇಕಾದ್ದು ಮಾಡುವಂತಿಲ್ಲ. ದೇವರೇ ಬೆಲೆ ತೆತ್ತಿರುವಾಗ ನಿಮ್ಮ ಭಕ್ತ ಬರಿಗೈಯಲ್ಲಿ ಪಾರಾಗಬಾರದು. ವರದ ಜತೆಗೆ ಒಂದು ನಿಷೇಧ ಕೊಡಿ: ಇನ್ನು ಮುಂದೆ ಅವನು ನೀರು ಕೇಳಿದ ಯಾರಿಗೂ ಇಲ್ಲ ಎನ್ನುವಂತಿಲ್ಲ, ಶತ್ರು ಕೇಳಿದರೂ. ಇದು ಕ್ಯಾರೆಕ್ಟರ್ ಶೀಟಿನಲ್ಲಿ ಬರೆದಿರಲಿ.

ಪುರಾಣವನ್ನು ತಿರುಚಿ ಲಾಭ ಮಾಡಿಕೊಳ್ಳಲು ಹೊರಡುವ ಆಟಗಾರ ಇದ್ದೇ ಇರುತ್ತಾನೆ. ತಡೆಯಬೇಡಿ. ಆ ಲೋಕದ ಇತಿಹಾಸದಲ್ಲಿ ಗಾಡ್ ಲರ್ನರ್ಸ್ ಎಂಬ ಪಂಡಿತರು ದೇವಲೋಕವನ್ನು ಯಂತ್ರದಂತೆ ಬಿಚ್ಚಿ ಜೋಡಿಸಿದರು, ಎರಡು ನಾಡುಗಳ ಭೂದೇವತೆಯರನ್ನು ಅದಲುಬದಲು ಮಾಡಿ ನೋಡಿದರು. ಕೊನೆಗೆ ಬೆಳೆ ಕೈಕೊಟ್ಟಿತು. ನಿಮ್ಮ ಆಟಗಾರನಿಗೂ ಮೊದಲೆರಡು ವರ್ಷ ಫಸಲು ಚೆನ್ನಾಗಿ ಬರಲಿ.

ಹೀರೋಕ್ವೆಸ್ಟ್ ಹೇಗೆ ಆಡಿಸಬೇಕೆಂದು ಇಂಟರ್‌ನೆಟ್ಟಿನಲ್ಲಿ ಹುಡುಕುವಾಗ ಒಂದು ಎಚ್ಚರ: ಅದೇ ಹೆಸರಿನ 1989ರ ಬೋರ್ಡ್ ಗೇಮ್ ಒಂದಿದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಆಡಿ ಮುಗಿಸಿದ ಆಟವನ್ನು ಎಸೆಯಬೇಡಿ. ಗ್ಲೊರಾಂಥಾದ ವರ್ಷಕ್ಕೆ 294 ದಿನ, ಕೊನೆಯ 14 ದಿನ ಪವಿತ್ರ ಕಾಲ. ಆಗ ಇಡೀ ಕುಲ ಸೇರಿ ಲೋಕದ ಕಥೆಯನ್ನು ಮತ್ತೆ ಆಡುತ್ತದೆ. ಮುಂದಿನ ಸೆಷನ್ನನ್ನು ಅಲ್ಲಿಂದ ಶುರು ಮಾಡಿ. ಮಳೆ ತಂದವನು ನಡುವೆ ನಿಂತಿರಲಿ, ಅವನ ಬಾಯಿ ಕಟ್ಟಿರಲಿ. ಅವನು ದೇವಲೋಕದಲ್ಲಿದ್ದ ಆ ರಾತ್ರಿ ಗುಡಿಯಲ್ಲಿ ಏನೇನಾಯಿತೆಂದು ಉಳಿದ ನಾಲ್ವರು ಒಬ್ಬೊಬ್ಬರಾಗಿ ಹೇಳಲಿ: ಯಾರು ಹಾಡು ಮರೆತರು, ಯಾರು ಎದ್ದು ಹೋದರು, ಯಾರು ಅವನು ಬರುವುದಿಲ್ಲವೆಂದು ಅತ್ತರು. ಅವರು ಹೇಳಿದ್ದೆಲ್ಲ ನಿಜವಾಗಿ ನಡೆದದ್ದೇ ಎಂದು ಬರೆದುಕೊಳ್ಳಿ. ಆಮೇಲೆ ಅವನು ಬಾಯಿ ಬಿಡಬಹುದು, ಆ ದನಿಗಳಲ್ಲಿ ಯಾವುದು ತನಗೆ ಡ್ರ್ಯಾಗನ್ನಿನ ಹೊಟ್ಟೆಯವರೆಗೆ ಕೇಳಿಸಿತೆಂದು ಹೇಳಲು.